ಐವರೂ ಒಟ್ಟಿಗೇ ಹೋಗಬೇಕೇ?

ಪ್ರಶ್ನೆ: ನಮ್ಮದು ದಾವಣಗೆರೆ. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ, ನಮ್ಮನೆಯವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಗಳಿಗೆ 11, ಮಗನಿಗೆ 6. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಅವರಿಗೆ ಮಂಡಿನೋವು. ಈ ಸಲ ನನ್ನ ಚೀಟಿ ಎದ್ದು 45,000 ರೂಪಾಯಿ ಕೈಗೆ ಬಂತು. ಬೇಸಿಗೆ ರಜೆಯಲ್ಲಿ ಎಲ್ಲಾದರೂ ಹೋಗಿಬರೋಣ ಅಂತ ನಾನೇ ಬಾಯಿಬಿಟ್ಟೆ. ರಗಳೆ ಶುರುವಾಗಿದ್ದು ಅಲ್ಲಿಂದಲೇ. ಮಗಳಿಗೆ ಬಿಡದಿಯ ವಂಡರ್‌ಲಾನೇ ಆಗಬೇಕು, ಕ್ಲಾಸಿನಲ್ಲಿ ಎಲ್ಲರೂ ನೋಡಿದ್ದಾರಂತೆ. ನಮ್ಮನೆಯವರು ಹಾಳೆ ತಗೊಂಡು ಲೆಕ್ಕ ಹಾಕಿದರು: ಐದು ಜನಕ್ಕೆ ಟಿಕೆಟ್ಟೇ 8,000ದ ಹತ್ತಿರ, ಅದೂ ಒಂದು ದಿನಕ್ಕೆ. ಅದೇ ಹಂಪಿ, ಬಾದಾಮಿ, ಪಟ್ಟದಕಲ್ಲು ಅಂತ ಐದು ದಿನ ಸುತ್ತಿದರೂ 18,000 ದಾಟೋದಿಲ್ಲ, ಮಕ್ಕಳಿಗೆ ನಾಲ್ಕು ಅಕ್ಷರನಾದರೂ ತಲೆಗೆ ಹತ್ತುತ್ತೆ ಅಂತಾರೆ. ಅದಕ್ಕೆ ಮಗಳು, ‘ಅಪ್ಪನ ಜೊತೆ ಟ್ರಿಪ್ ಅಂದ್ರೆ ಇನ್ನೊಂದು ಪೀರಿಯಡ್ಡು’ ಅಂದುಬಿಟ್ಟಳು. ಎರಡು ದಿನದಿಂದ ಅಪ್ಪ ಮಗಳು ಮಾತಾಡುತ್ತಿಲ್ಲ. ಮಧ್ಯೆ ಮೈದುನ ಬೇರೆ, ಇಷ್ಟು ಕೊಟ್ಟು ಬಿಡದಿಗೆ ಹೋಗೋ ಬದಲು ಸ್ವಲ್ಪ ಇಎಂಐ ಮಾಡಿಕೊಂಡು ಸಿಂಗಪುರಕ್ಕೇ ಹೋಗಿಬನ್ನಿ, ಯೂನಿವರ್ಸಲ್ ಸ್ಟುಡಿಯೋಸ್ ತೋರಿಸಿ ಅಂತ ಪ್ಯಾಕೇಜಿನ ಕಾಗದ ತಂದುಕೊಟ್ಟಿದ್ದಾನೆ. ನನಗೆ ಏನೂ ತೋಚುತ್ತಿಲ್ಲ. ಇಂಥ ಪಾರ್ಕುಗಳಿಗೆ ಅಷ್ಟು ದುಡ್ಡು ಸುರಿಯೋದು ದಂಡ ಅಲ್ಲವೇ? ನನ್ನ ಕೇಳಿದರೆ ಎಲ್ಲಿಗೆ ಹೋದರೂ ಬುತ್ತಿ ಕಟ್ಟೋಳು ನಾನೇ, ಒದ್ದೆ ಬಟ್ಟೆ ಹಿಂಡೋಳು ನಾನೇ. ಹೆಸರು ಹಾಕಬೇಡಿ.

ಉತ್ತರ: ನಿಮ್ಮನೆಯವರ ಭಾಗಾಕಾರದಲ್ಲಿ ತಪ್ಪಿಲ್ಲ. ತಲೆಗೆ, ದಿನಕ್ಕೆ ಎಷ್ಟು ಬಿತ್ತು ಅಂತ ನೋಡಿದರೆ ಯಾವ ಪಾರ್ಕೂ ಹಂಪಿಯ ಎದುರು ನಿಲ್ಲುವುದಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ಟು ಹಂಪಿಯಲ್ಲಿ ದೊಡ್ಡವರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಆ ಒಂದೇ ಟಿಕೆಟ್ಟಿನಲ್ಲಿ ವಿಜಯವಿಠ್ಠಲ ದೇವಸ್ಥಾನವನ್ನೂ ಕಮಲ ಮಹಲನ್ನೂ ನೋಡಬಹುದು. ಬಸ್ಸಿನ ಖರ್ಚು ಹಿಡಿಯಿರಿ: ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ನಿಮಗೆ, ಅತ್ತೆಯವರಿಗೆ, ಮಗಳಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಮೇಷ್ಟ್ರಿಗೆ ಒಂದು ಫುಲ್ಲು, ಮಗನಿಗೆ ಒಂದು ಹಾಫು. ಇಷ್ಟು ಅಗ್ಗಕ್ಕೆ ವಿಶ್ವ ಪರಂಪರೆಯ ತಾಣ ನೋಡುವ ಅನುಕೂಲ ಎಷ್ಟು ಜನಕ್ಕೆ ಇದ್ದೀತು?

ಆದರೆ ಆ ಹಾಳೆಯ ಮೇಲೆ ಬರದೇ ಇರುವ ಖರ್ಚೊಂದಿದೆ. ನಿಮ್ಮ ಕಾಗದದ ಕೊನೆಯ ಸಾಲಿಗೆ ಸ್ವಲ್ಪ ಮುಂಚೆ, ಸುಮ್ಮನೆ ಹೋಗುತ್ತಾ ಹೋಗುತ್ತಾ ಹೇಳಿದ ಹಾಗೆ ಅದನ್ನು ನೀವೇ ಬರೆದಿದ್ದೀರಿ. ಬುತ್ತಿ ಕಟ್ಟುವುದು, ಬಟ್ಟೆ ಹಿಂಡುವುದು. ಐದು ದಿನದ ಪ್ರವಾಸ 18,000ಕ್ಕೆ ಮುಗಿಯುತ್ತದೆ ಅಂದರೆ ಅದರಲ್ಲಿ ನಿಮ್ಮ ಐದು ದಿನದ ದುಡಿಮೆ ಪುಕ್ಕಟೆಯಾಗಿ ಸೇರಿದೆ ಅಂತಲೇ ಅರ್ಥ. ಯಾತ್ರಿ ನಿವಾಸದ ಮೂಲೆಯಲ್ಲಿ ಪುಟ್ಟ ಸ್ಟೌ ಹಚ್ಚಿ ಚಿತ್ರಾನ್ನ ಕಲಸುವವರ ಸಂಬಳವನ್ನೂ ಕೂಡಿಸಿದರೆ ಮೇಷ್ಟ್ರ ಲೆಕ್ಕ ಬೇರೆಯಾಗುತ್ತದೆ.

ಪಾರ್ಕಿನ ಪರವಾಗಿ ಹೇಳಬೇಕಾದ ಮಾತು ಇರುವುದೂ ಇಲ್ಲಿಯೇ. ಅಲ್ಲಿ ಯಾರೂ ಯೋಜನೆ ಹಾಕಬೇಕಾಗಿಲ್ಲ, ದಾರಿ ಕೇಳಬೇಕಾಗಿಲ್ಲ, ಗೈಡಿನ ಜೊತೆ ಚೌಕಾಸಿ ಮಾಡಬೇಕಾಗಿಲ್ಲ. ಬೆಳಗ್ಗೆ 11ಕ್ಕೆ ಬಾಗಿಲು ತೆರೆದಾಗಿನಿಂದ ಸಂಜೆ ಮುಚ್ಚುವವರೆಗೆ ಮಕ್ಕಳಿಗೆ ಏನು ಬೇಕೋ ಅದು ಅಲ್ಲಿ ಇದ್ದೇ ಇರುತ್ತದೆ. ಮಳೆ ಬಂದು ಜಲಪಾತ ಕಾಣಲಿಲ್ಲ, ದೇವಸ್ಥಾನದ ಬಾಗಿಲು ಹಾಕಿತ್ತು ಎಂಬ ಪ್ರಶ್ನೆಯಿಲ್ಲ. ಸಂತೋಷವನ್ನು ಗ್ಯಾರಂಟಿ ಸಮೇತ ಮಾರುವುದು ಅವರ ವ್ಯಾಪಾರ. ಬೆಲೆ ಹೆಚ್ಚಿರುವುದು ಆ ಗ್ಯಾರಂಟಿಗೆ. ಮನೆಯಲ್ಲಿ ಎಲ್ಲದಕ್ಕೂ ತಾನೇ ಜವಾಬ್ದಾರಳಾದ ಹೆಂಗಸಿಗೆ ಅಂಥ ಒಂದು ದಿನದ ಬೆಲೆ ಕಡಿಮೆಯೇನಲ್ಲ. ಹಾಗಾಗಿ ‘ದಂಡ’ ಅನ್ನುವ ಪದವನ್ನು ನಾನು ಒಪ್ಪುವುದಿಲ್ಲ.

ಆದರೂ ಐದು ಟಿಕೆಟ್ ಕೊಳ್ಳಬೇಡಿ. ನನ್ನ ಸಲಹೆ ಇಷ್ಟೇ: ಎರಡು ಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಊರಿನ ದುರ್ಗಾಂಬಿಕಾ ಜಾತ್ರೆಯನ್ನೇ ತೆಗೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಜಾತ್ರೆಯಾದಾಗ ಜಾಯಿಂಟ್ ವೀಲ್ ಹತ್ತುವವನು ಜಾಯಿಂಟ್ ವೀಲಿಗೆ ದುಡ್ಡು ಕೊಡುತ್ತಾನೆ, ಕುದುರೆ ಮೇಲೆ ಕೂರುವ ಮಗು ಕುದುರೆಗೆ ಕೊಡುತ್ತದೆ. ಅಜ್ಜಿ ಕೆಳಗೆ ನಿಂತು ಮೊಮ್ಮಗನಿಗೆ ಕೈಬೀಸಿದರೆ ಅದಕ್ಕೆ ಯಾರೂ ಕಾಸು ಕೇಳುವುದಿಲ್ಲ. ದೊಡ್ಡ ಪಾರ್ಕುಗಳೂ ಶುರುವಾಗಿದ್ದು ಹೀಗೆಯೇ. 1955ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ದೊಡ್ಡವರಿಗೆ ಪ್ರವೇಶ ಒಂದು ಡಾಲರ್, ಒಳಗೆ ಪ್ರತಿ ರೈಡಿಗೂ ಬೇರೆ ಟಿಕೆಟ್ಟು. ಆಮೇಲೆ ಟಿಕೆಟ್ ಪುಸ್ತಕ ಬಂತು; ‘ಎ’ ಟಿಕೆಟ್ಟು ಚಿಕ್ಕ ಮಕ್ಕಳಾಟಕ್ಕೆ, ಕೊನೆಗೆ ಬಂದ ‘ಇ’ ಟಿಕೆಟ್ಟು ಎಲ್ಲಕ್ಕಿಂತ ರೋಚಕವಾದದ್ದಕ್ಕೆ. 1982ರಲ್ಲಿ ಆ ಪುಸ್ತಕ ಹೋಗಿ, ಒಂದೇ ಸಲ ಕೊಟ್ಟು ಒಳಗೆ ಹೋದರೆ ಎಲ್ಲವೂ ನಿಮ್ಮದೇ ಎಂಬ ಪದ್ಧತಿ ನೆಲೆಯೂರಿತು. ನಮ್ಮಲ್ಲಿ 2000ದಲ್ಲಿ ಕೊಚ್ಚಿಯಲ್ಲಿ ಶುರುವಾಗಿ 2005ರಲ್ಲಿ ಬಿಡದಿಗೆ ಬಂದ ಪಾರ್ಕಿನದೂ ಅದೇ ಪದ್ಧತಿ.

ಈ ಪದ್ಧತಿಯಲ್ಲಿ ಇಪ್ಪತ್ತು ರೈಡ್ ಹತ್ತುವ ಕಾಲೇಜು ಹುಡುಗನಿಗೆ ಭರ್ತಿ ಲಾಭ. ಬೆಂಚಿನ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುವ ಅಜ್ಜಿಗೆ ಭರ್ತಿ ನಷ್ಟ. ಹಿರಿಯರಿಗೆ ರಿಯಾಯಿತಿ ಉಂಟು, ಆದರೂ ಮಂಡಿನೋವಿನ ಜೀವವನ್ನು ಸಾವಿರಕ್ಕೂ ಮಿಕ್ಕಿ ಕೊಟ್ಟು ಬಿಸಿಲಲ್ಲಿ ಕೂರಿಸುವುದು ಯಾವ ನ್ಯಾಯ? ಇನ್ನು ನಿಮ್ಮ ಮಗ. ಆರು ವರ್ಷದ ಮಕ್ಕಳು ಸಾಮಾನ್ಯವಾಗಿ 115 ಸೆಂಟಿಮೀಟರ್ ಆಸುಪಾಸು ಇರುತ್ತಾರೆ. ಪಾರ್ಕಿನಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಮೈ ಜುಮ್ಮೆನ್ನಿಸುವ ದೊಡ್ಡ ರೈಡುಗಳಲ್ಲಿ ಹಲವಕ್ಕೆ 140 ಸೆಂಟಿಮೀಟರ್ ಇರಲೇಬೇಕು. ಅಕ್ಕ ಮೇಲೆ ಹೋಗಿ ಕಿರುಚುತ್ತಿದ್ದರೆ ತಮ್ಮ ಕೆಳಗೆ ನಿಂತು ಅಳುತ್ತಾನೆ. ಅವನನ್ನು ಸಮಾಧಾನ ಮಾಡಲು ಒಬ್ಬರು ಬೇಕು. ಆ ಒಬ್ಬರು ಯಾರು ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಟಿಕೆಟ್ ಬುಕ್ ಮಾಡುವ ಮುಂಚೆ ಮಗಳನ್ನು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲಿಸಿ, ಚಪ್ಪಲಿ ಬಿಡಿಸಿ, ಜುಟ್ಟು ಬಿಚ್ಚಿಸಿ, ತಲೆಯ ಮೇಲೆ ಸ್ಕೇಲಿಟ್ಟು ಗುರುತು ಹಾಕಿ ಟೇಪು ಹಿಡಿದು ಅಳೆಯಿರಿ. 11ರ ಹುಡುಗಿಯರಲ್ಲಿ ಕೆಲವರು 140 ದಾಟಿರುತ್ತಾರೆ, ಕೆಲವರು ಇನ್ನೂ ಇಲ್ಲ. 137 ಬಂದರೆ ಬೇಜಾರಾದರೂ ಮುಂದಿನ ವರ್ಷಕ್ಕೆ ಇಡಿ. ಅವಳು ಯಾವ ರೈಡಿನ ಕನಸು ಕಾಣುತ್ತಿದ್ದಾಳೋ ಅದರ ಬಾಗಿಲಲ್ಲೇ ಅಳತೆಕೋಲು ಹಿಡಿದು ವಾಪಸ್ ಕಳಿಸಿದರೆ ಆ ಅವಮಾನ ಇದಕ್ಕಿಂತ ದೊಡ್ಡದು. 141 ಬಂತೋ, ಇದೇ ಸರಿಯಾದ ಹೊತ್ತು. ಇನ್ನು ಮೂರು ನಾಲ್ಕು ವರ್ಷ ಕಳೆದರೆ ಅವಳು ಸ್ನೇಹಿತೆಯರ ಜೊತೆ ಹೋಗುತ್ತಾಳೆ, ನಿಮ್ಮನ್ನು ಕರೆಯುವುದಿಲ್ಲ.

‘ಕ್ಲಾಸಿನಲ್ಲಿ ಎಲ್ಲರೂ ನೋಡಿದ್ದಾರೆ’ ಅನ್ನುವ ಮಾತನ್ನೂ ಹಟ ಅಂತ ತಳ್ಳಿಹಾಕಬೇಡಿ. ಆ ವಯಸ್ಸಿನಲ್ಲಿ ಜೂನ್ ತಿಂಗಳ ಮೊದಲ ವಾರ ಯಾರು ಎಲ್ಲಿಗೆ ಹೋಗಿದ್ದರು ಅನ್ನುವ ಮಾತೇ ಮಾತು. ಅದರಲ್ಲಿ ಪಾಲಿಲ್ಲದೆ ಕೂರುವುದು ದೊಡ್ಡವರಿಗೆ ಸಣ್ಣದಾಗಿ ಕಂಡರೂ ಅವಳಿಗೆ ಸಣ್ಣದಲ್ಲ. ಹಾಗಂತ ಸಿಂಗಪುರಕ್ಕೆ ಹೋದವಳ ಕಥೆಗೆ ಸರಿಗಟ್ಟಲು ಹೊರಟರೆ ಅದಕ್ಕೆ ಕೊನೆಯಿಲ್ಲ.

ಮೈದುನನ ಕಾಗದದ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಸಿಂಗಪುರದ ಪ್ಯಾಕೇಜಿನಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಅನ್ನುವುದು ಸೆಂಟೋಸಾ ದ್ವೀಪದಲ್ಲಿ ಕಳೆಯುವ ಒಂದು ದಿನ. ಮಿಕ್ಕ ದುಡ್ಡು ವಿಮಾನಕ್ಕೆ, ಹೋಟೆಲಿಗೆ, ಐದು ಪಾಸ್‌ಪೋರ್ಟಿಗೆ, ವೀಸಾಕ್ಕೆ. ಎತ್ತರದ ಅಳತೆಕೋಲು ಅಲ್ಲಿಯೂ ಇದೆ. ಸಾಲ ಮಾಡಿ ಮಾಡುವ ಪ್ರವಾಸ ನಾಲ್ಕು ದಿನದ್ದು, ಕಂತು ತಿಂಗಳುಗಟ್ಟಲೆಯದು. ಬೇಡ.

ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಲೇ ಅಂತ ಮುಂದೆ ನೀವೇ ಕೇಳುತ್ತೀರಿ, ಯಾಕೆಂದರೆ ಬುಕ್ ಮಾಡುವಾಗ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಕ್ಯೂ ತಪ್ಪಿಸಿಕೊಳ್ಳಲು ಇನ್ನೊಂದು ಟಿಕೆಟ್ಟಿನಷ್ಟೇ ಹೆಚ್ಚು ಕೊಡುವ ವ್ಯವಸ್ಥೆ ಅದು. ಇದರ ಚರಿತ್ರೆ ತಮಾಷೆಯಾಗಿದೆ. ಡಿಸ್ನಿಯವರು 1999ರಲ್ಲಿ ‘ಫಾಸ್ಟ್‌ಪಾಸ್’ ಅಂತ ತಂದಾಗ ಅದು ಪುಕ್ಕಟೆ. ಚೀಟಿ ತಗೊಂಡು ಹೋಗಿ ಹೇಳಿದ ಹೊತ್ತಿಗೆ ಬಂದರಾಯಿತು. 2021ರಲ್ಲಿ ಅದನ್ನು ನಿಲ್ಲಿಸಿ ದುಡ್ಡಿನ ಸಾಲು ತೆರೆದರು. ಫ್ಲಾರಿಡಾದ ಡಿಸ್ನಿ ವರ್ಲ್ಡಿನಲ್ಲಿ ರಜೆಯ ದಿನಗಳಲ್ಲಿ ಒಬ್ಬರ ಒಂದು ದಿನದ ಟಿಕೆಟ್ಟೇ 180 ಡಾಲರ್ ದಾಟುತ್ತದೆ, ಕ್ಯೂ ತಪ್ಪಿಸುವುದಕ್ಕೆ ಮೇಲೆ ಬೇರೆ. ಅಮೆರಿಕಕ್ಕೆ ಮಗ ಸೊಸೆ ಕರೆಸಿಕೊಂಡ ಅಪ್ಪ ಅಮ್ಮಂದಿರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಈಗ ಒಂದು ಶಾಸ್ತ್ರದ ಹಾಗಾಗಿದೆ. ಹೋಗಿಬಂದವರು ಊರಿನಲ್ಲಿ ಮೆಚ್ಚಿ ಮಾತಾಡುತ್ತಾರೆ, ನನ್ನ ಎದುರು ಕೂತಾಗ ಕಾಲುನೋವಿನ ಕಥೆ ಹೇಳುತ್ತಾರೆ. ಬಿಡದಿಗೆ ನೀವು ಹೋಗುವುದು ಶನಿವಾರ, ಭಾನುವಾರ, ಸರ್ಕಾರಿ ರಜೆ ಇಲ್ಲದ ದಿನ. ಆ ದಿನ ದರವೂ ಕಡಿಮೆ, ಜನವೂ ಕಡಿಮೆ. ಮೇ ತಿಂಗಳಲ್ಲಿ ಪೂರ್ತಿ ಖಾಲಿ ಇರುತ್ತದೆ ಅಂತಲ್ಲ, ಆದರೂ ಫಾಸ್ಟ್‌ಟ್ರ್ಯಾಕ್ ಬೇಕಾಗುವುದಿಲ್ಲ. ಬುಕ್ ಮಾಡುವಾಗ ಮೊದಲು ಕಾಣುವ ದರದಲ್ಲಿ ಜಿಎಸ್‌ಟಿ ಸೇರಿದೆಯೇ ನೋಡಿಕೊಳ್ಳಿ. 2018ರ ಜನವರಿಯಲ್ಲಿ ಅದು ಶೇ 28ರಿಂದ 18ಕ್ಕೆ ಇಳಿಯಿತು, ಆದರೆ 18 ಅನ್ನುವುದೂ ಕೈಗೆ ತಾಗುವ ಮೊತ್ತವೇ.

ಇನ್ನು ಮಿಕ್ಕ ಮೂವರು. ಮೈಸೂರನ್ನು ಬೀಡು ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ. ದಾವಣಗೆರೆಯಿಂದ ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ರೈಲಿದೆ. ಅತ್ತೆಯವರ ಮಂಡಿಗೆ ಪುಕ್ಕಟೆ ಬಸ್ಸಿಗಿಂತ ದುಡ್ಡು ಕೊಟ್ಟ ರೈಲೇ ಮೇಲು. ಭಾನುವಾರ ತಲುಪಿದರೆ ಅವತ್ತೇ ಸಂಜೆ 7ಕ್ಕೆ ಅರಮನೆಯ ದೀಪ ಹತ್ತುತ್ತದೆ, ಹೊರಗೆ ನಿಂತು ನೋಡುವುದಕ್ಕೆ ಟಿಕೆಟ್ಟಿಲ್ಲ. ಸೋಮವಾರ ಮೃಗಾಲಯ. 1892ರಿಂದ ನಡೆದುಕೊಂಡು ಬಂದಿರುವ ಅದು ಆರು ವರ್ಷದ ಹುಡುಗನಿಗೆ ಯಾವ ಥೀಮ್ ಪಾರ್ಕಿಗೂ ಕಡಿಮೆಯಲ್ಲ, ಅಲ್ಲಿ ಎತ್ತರ ಅಳೆಯುವವರಿಲ್ಲ, ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ. ಮಂಗಳವಾರ ಮೃಗಾಲಯಕ್ಕೆ ರಜೆ, ನಿಮಗೂ ರಜೆ. ಏನನ್ನೂ ಇಟ್ಟುಕೊಳ್ಳಬೇಡಿ. ಹೊಟ್ಟೆ ಹಸಿದಾಗ ಹೋಟೆಲಿಗೆ ಹೋಗಿ, ಮಧ್ಯಾಹ್ನ ಮಲಗಿ, ಸಂಜೆ ಮಲ್ಲಿಗೆ ಕೊಳ್ಳಿ.

ಈ ಮಂಗಳವಾರದ ಬಗ್ಗೆ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ನೆದರ್‌ಲೆಂಡ್ಸ್‌ನಲ್ಲಿ ಯೆರೂನ್ ನವೈನ್ ಎಂಬ ಸಂಶೋಧಕರು ಸಂಗಡಿಗರ ಜೊತೆ 1,530 ಜನರನ್ನು ವಿಚಾರಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಜೆಗೆ ಹೋಗುವವರು ಹೋಗದವರಿಗಿಂತ ಖುಷಿಯಾಗಿದ್ದದ್ದು ಹೊರಡುವುದಕ್ಕೆ ಮುಂಚೆ. ಬಂದ ಮೇಲೆ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ‘ತುಂಬಾ ಆರಾಮಾಗಿತ್ತು’ ಅಂತ ಹೇಳಿದವರಲ್ಲಿ ಮಾತ್ರ ಆ ಖುಷಿ ಸ್ವಲ್ಪ ಕಾಲ ಉಳಿದಿತ್ತು. ಎಷ್ಟು ಜಾಗ ನೋಡಿದೆವು ಎಂಬ ಪಟ್ಟಿಯನ್ನು ಮೆರೆಸುವ ನಮ್ಮ ಪ್ರವಾಸದ ಪದ್ಧತಿಗೆ ಇದು ಚೆನ್ನಾಗಿ ತಾಗುತ್ತದೆ. ಅದರಿಂದ ನಿಮಗೆ ಸಿಗುವ ಇನ್ನೊಂದು ಉಪಯೋಗ: ದಿನಾಂಕ ಗೊತ್ತಾದ ತಕ್ಷಣ ಮಗಳಿಗೆ ಹೇಳಿಬಿಡಿ, ಗುಟ್ಟಾಗಿಟ್ಟು ಕೊನೆ ಗಳಿಗೆಯಲ್ಲಿ ಬೆರಗುಗೊಳಿಸಲು ಹೋಗಬೇಡಿ. ಕಾಯುವ ಮೂರು ವಾರದ ಸುಖಕ್ಕೆ ಬೇರೆ ಟಿಕೆಟ್ಟಿಲ್ಲ.

ಬುಧವಾರ ಬೆಳಗ್ಗೆ ಮೈಸೂರಿನಿಂದ ಬೆಂಗಳೂರಿಗೆ ಒಂದು ದಿನದ ಟ್ಯಾಕ್ಸಿ ಮಾಡಿ. ಸಾಮಾನೆಲ್ಲ ಡಿಕ್ಕಿಯಲ್ಲಿರಲಿ. ನೀವೂ ಮಗಳೂ ಬಾಗಿಲು ತೆರೆಯುವ ಹೊತ್ತಿಗೆ ಬಿಡದಿಯಲ್ಲಿ ಇಳಿಯಿರಿ. ಗಾಡಿ ಮೂವರನ್ನು ಕರೆದುಕೊಂಡು ಹಳೇ ರಸ್ತೆಯಲ್ಲಿ ರಾಮನಗರದ ಜಾನಪದ ಲೋಕಕ್ಕೆ ವಾಪಸ್ ಬರಲಿ; ಎಕ್ಸ್‌ಪ್ರೆಸ್‌ವೇ ಹತ್ತಿದರೆ ಊರಿನ ಪಕ್ಕದಿಂದ ಹಾದುಹೋಗಿಬಿಡುತ್ತದೆ, ಡ್ರೈವರಿಗೆ ಮೊದಲೇ ಹೇಳಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗದಲ್ಲಿ ಬೀಸುವ ಕಲ್ಲು, ಒನಕೆ, ಕಣಜ, ಕೂರಿಗೆ, ತೊಗಲುಗೊಂಬೆ ಎಲ್ಲ ಜೋಡಿಸಿಟ್ಟಿದ್ದಾರೆ. ಅಲ್ಲಿ ಗೈಡ್ ಆಗುವವರು ನಿಮ್ಮ ಅತ್ತೆ. ಜೀವನದಲ್ಲಿ ಒಂದು ಸಲವಾದರೂ ಮೇಷ್ಟ್ರು ಕೈಕಟ್ಟಿ ನಿಂತು ಪಾಠ ಕೇಳಲಿ, ಅದೂ ತಾಯಿಯ ಬಾಯಿಂದ. ಕೂರಿಗೆಯಲ್ಲಿ ಯಾವ ತೂತಿನಿಂದ ಕಾಳು ಬೀಳುತ್ತದೆ ಅಂತ ಮಗನಿಗೆ ತೋರಿಸಲು ಆಕೆಗಿಂತ ಯಾರು ಬೇಕು? ಆಮೇಲೆ ಅಲ್ಲಿಂದ ಚನ್ನಪಟ್ಟಣ ಹತ್ತಿರ. ಹುಡುಗನಿಗೆ ಅರಗಿನ ಬಣ್ಣದ ಬುಗುರಿ ಕೊಡಿಸಿ, ಅಜ್ಜಿಗೆ ಕಾಫಿ ಕುಡಿಸಿ ಸಂಜೆಗೆ ಬಿಡದಿಗೆ ಬಂದರಾಯಿತು. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ದಾವಣಗೆರೆ. ನಡುರಾತ್ರಿ ಇಳಿಯುವ ರೈಲು ಮಾತ್ರ ಬೇಡ.

‘ಮನೆಮಂದಿ ಅಂದ ಮೇಲೆ ಒಟ್ಟಿಗೇ ಇರಬೇಕಲ್ಲ’ ಅಂತ ಯಾರಾದರೂ ಅನ್ನುತ್ತಾರೆ, ಬಹುಶಃ ಅತ್ತೆಯವರೇ. ನನ್ನ ಅನುಭವದಲ್ಲಿ ಪ್ರವಾಸದಿಂದ ಮುನಿಸಿಕೊಂಡು ಬರುವ ಸಂಸಾರಗಳು ದುಡ್ಡು ಹೆಚ್ಚು ಖರ್ಚಾಯಿತು ಅಂತ ಮುನಿಸಿಕೊಂಡವಲ್ಲ. ಒಬ್ಬರಿಗೋಸ್ಕರ ಮಿಕ್ಕವರೆಲ್ಲ ಕಾದು ಕಾದು, ಹಸಿದು, ಬೆವೆತು ಮುನಿಸಿಕೊಂಡವು. ಐವರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕು ಅನ್ನುವುದೇ ಪ್ರವಾಸದ ಅತಿ ದುಬಾರಿ ಬಾಬತ್ತು. ಐದು ಟಿಕೆಟ್ಟಿನ 8,000ದಲ್ಲಿ ನಿಮಗಿಬ್ಬರಿಗೆ ಅರ್ಧಕ್ಕಿಂತ ಕಡಿಮೆ ಸಾಕು. ಉಳಿದದ್ದರಲ್ಲಿ ಟ್ಯಾಕ್ಸಿಯ ಬಹುಪಾಲು ಮುಗಿಯುತ್ತದೆ. ಆರು ಏಳು ತಾಸು ಬೇರೆಯಾಗಿದ್ದು ಸಂಜೆ ಕಾರಿನಲ್ಲಿ ಸೇರಿದಾಗ ಐದು ಜನರಿಗೂ ಹೇಳಿಕೊಳ್ಳಲು ಬೇರೆ ಬೇರೆ ಸುದ್ದಿ ಇರುತ್ತದೆ.

ನಿಮಗೆ ಎತ್ತರ ಅಂದರೆ ತಲೆಸುತ್ತು ಬರುತ್ತದೆಯೇ, ಬಿಪಿ, ಬೆನ್ನುನೋವು ಇದೆಯೇ? ಹಾಗಿದ್ದರೆ ದೊಡ್ಡ ರೈಡುಗಳ ಗೊಡವೆ ಬೇಡ, ಮಗಳ ಓರಗೆಯ ಅಕ್ಕನ ಮಗಳೋ ಪಕ್ಕದ ಮನೆ ಹುಡುಗಿಯೋ ಇದ್ದರೆ ಅವರ ಮನೆಯವರಿಂದ ಅವಳ ಖರ್ಚು ತೆಗೆದುಕೊಂಡು ಕರೆದುಕೊಂಡು ಹೋಗಿ. ಎಷ್ಟೋ ರೈಡುಗಳಲ್ಲಿ ಸೀಟು ಇರುವುದೇ ಜೋಡಿಯಾಗಿ, ಇಬ್ಬರು ಹುಡುಗಿಯರಿದ್ದರೆ ನೀವು ನೀರಿನಲ್ಲಿ ಆರಾಮಾಗಿ ಕಾಲು ಚಾಚಬಹುದು.

ನೀರು ಅಂದೆನಲ್ಲ, ಅದಕ್ಕೆ ಒಂದಷ್ಟು ತಯಾರಿ ಬೇಕು. ನೀರಿನ ರೈಡುಗಳಿಗೆ ಹತ್ತಿಬಟ್ಟೆ ನಡೆಯುವುದಿಲ್ಲ, ನೈಲಾನ್ ಥರದ ಬಟ್ಟೆಯೇ ಆಗಬೇಕು. ಗೊತ್ತಿಲ್ಲದೆ ಚೂಡಿದಾರ್ ಹಾಕಿಕೊಂಡು ಹೋದವರು ಅಲ್ಲಿನ ಅಂಗಡಿಯಲ್ಲಿ ಹೇಳಿದ ರೇಟು ಕೊಟ್ಟು ಕೊಳ್ಳುತ್ತಾರೆ, ಇಲ್ಲವೇ ದಡದಲ್ಲಿ ಕೂರುತ್ತಾರೆ. ದಾವಣಗೆರೆಯಲ್ಲೇ ಇಬ್ಬರಿಗೂ ಕೊಂಡುಕೊಳ್ಳಿ. ಇಬ್ಬರಿಗೂ ಅಂದೆ, ಗಮನಿಸಿ. ತಿಂಗಳಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿ ದಿನಾಂಕ ಇಡಿ, ಮಗಳದೂ ಶುರುವಾಗಿದ್ದರೆ ಅವಳನ್ನೂ ಕೇಳಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಅವತ್ತು ಖಾರಾ ಮಂಡಕ್ಕಿ ಡಬ್ಬಿಯೂ ಇಲ್ಲ, ಚಪಾತಿ ಶೇಂಗಾ ಚಟ್ನಿಯೂ ಇಲ್ಲ. ಒಳಗಿನ ಊಟ ದುಬಾರಿ ಅಂತ ಮೇಷ್ಟ್ರು ಗೊಣಗಬಹುದು. ಬುತ್ತಿ ಕಟ್ಟುವುದು ತಪ್ಪಿದ್ದರ ಬೆಲೆ ಅದು, ಕೊಡಿ. ಮೊಬೈಲು, ಪರ್ಸು, ವ್ಯಾನಿಟಿ ಬ್ಯಾಗಿಗೆ ಲಾಕರ್ ಬಾಡಿಗೆಗೆ ಸಿಗುತ್ತದೆ. ನಮ್ಮ ಹೆಂಗಸರಲ್ಲಿ ಬಹಳ ಜನ ಆ ಬಾಡಿಗೆ ಉಳಿಸಲು ಹೋಗಿ ತಾವೇ ಲಾಕರ್ ಆಗಿ ಒಂದು ಮರದ ಕೆಳಗೆ ದಿನ ಕಳೆಯುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಒಳಗೆ ಹೋಗಿ ಮಾಡುವ ಕೆಲಸ ಅದಲ್ಲ.

ಒಳಗೆ ಹೋದ ಮೇಲೆ ‘ದುಡ್ಡು ವಸೂಲಾಗಬೇಕು’ ಅಂತ ಮಗಳನ್ನು ಓಡಿಸಬೇಡಿ. ಒಂದೇ ಸಲ ಕೊಟ್ಟು ಎಲ್ಲ ನಿಮ್ಮದೇ ಅನ್ನುವ ಟಿಕೆಟ್ಟಿನ ಕೆಟ್ಟ ಗುಣ ಇದು, ಇನ್ನೂ ಒಂದು, ಇನ್ನೂ ಒಂದು ಅಂತ ದೊಡ್ಡವರೇ ಮಕ್ಕಳ ಬೆನ್ನು ಹತ್ತುತ್ತಾರೆ. ಅವಳು ಒಂದೇ ರೈಡನ್ನು ಆರು ಸಲ ಹತ್ತುತ್ತೇನೆ ಅಂದರೆ ಹತ್ತಲಿ. ನಾಲ್ಕು ಗಂಟೆಗೇ ಸಾಕು ಅಂದರೆ ಅದೂ ಸಾಕು.

ಈಗ ಮೇಷ್ಟ್ರ ಹಂಪಿ. ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ, ಆದರೆ ಮೇ ತಿಂಗಳಲ್ಲಿ ಮಾತ್ರ ಬೇಡ. ಆ ಹೊತ್ತಿಗೆ ಹೊಸಪೇಟೆ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆಗಳು ಕತ್ತಲಾದ ಮೇಲೂ ಕಾವು ಬಿಡುತ್ತಿರುತ್ತವೆ. ಆರು ವರ್ಷದ ಮಗುವನ್ನೂ ಮಂಡಿನೋವಿನ ಅಜ್ಜಿಯನ್ನೂ ಆ ಬಿಸಿಲಲ್ಲಿ ಸುತ್ತಿಸಿದರೆ 40 ರೂಪಾಯಿ ಟಿಕೆಟ್ಟಿನ ಜೊತೆ ಗ್ಲೂಕೋಸ್ ಬಾಟಲಿಯ ಖರ್ಚೂ ಸೇರಿಕೊಳ್ಳಬಹುದು. ಚೀಟಿ ದುಡ್ಡಿನಲ್ಲಿ 15,000 ಎತ್ತಿಟ್ಟು ದಸರಾ ರಜೆಗೆ ಹಂಪಿ ಅಂತ ಇವತ್ತೇ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಆಗ ಮಳೆ ಮುಗಿಯುತ್ತಾ ಬಂದಿರುತ್ತದೆ, ಗದ್ದೆಗಳು ಹಸಿರಾಗಿರುತ್ತವೆ. ಬಾದಾಮಿ, ಪಟ್ಟದಕಲ್ಲು ಇನ್ನೊಂದು ಸಲ. ಒಂದೇ ಏಟಿಗೆ ಮೂರೂ ಬೇಡ.

ಮಗಳು ‘ಪೀರಿಯಡ್ಡು’ ಅಂದದ್ದು ಹಂಪಿಗಲ್ಲ, ಹಂಪಿಯನ್ನು ತೋರಿಸುವ ರೀತಿಗೆ. ಇದನ್ನು ನೀವು ಹೇಳಿದರೆ ಜಗಳವಾಗುತ್ತದೆ, ಈ ಪುಟವನ್ನು ಅವರ ಮುಂದಿಟ್ಟುಬಿಡಿ. ಮೇಷ್ಟ್ರೇ, ವಿರೂಪಾಕ್ಷ ದೇವಸ್ಥಾನದ ಒಳಗೆ ಒಂದು ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರಿನ ಗೋಡೆಯಲ್ಲಿರುವ ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಆಟ ಅದು, ನಿಮಗೆ ಗೊತ್ತಿರುತ್ತದೆ. ಮಗಳನ್ನು ಅಲ್ಲಿ ನಿಲ್ಲಿಸಿ. ಗೋಪುರ ಯಾಕೆ ತಲೆಕೆಳಗಾಯಿತು ಅಂತ ಅವಳು ಕೇಳುವವರೆಗೆ ಬಾಯಿ ಬಿಡಬೇಡಿ. ಕೇಳಿದ ಮೇಲೂ ಉತ್ತರ ಹೇಳಬೇಡಿ, ಮನೆಗೆ ಬಂದು ರಟ್ಟಿನ ಡಬ್ಬಕ್ಕೆ ಸೂಜಿಯಿಂದ ತೂತು ಮಾಡಿ ಇಬ್ಬರೂ ಸೇರಿ ನೋಡಿ. ಪಟ್ಟಾಭಿಷೇಕದ ಇಸವಿಗಳನ್ನು ಶಾಲೆಗೇ ಬಿಡಿ. ಎರಡು ದಿನದ ಹಂಪಿಯಲ್ಲಿ ಒಂದು ದಿನದ ಯಜಮಾನಿಕೆ ಮಗಳದು: ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ಕಬ್ಬಿನ ಹಾಲು ಕುಡಿಯಬೇಕು, ಎಲ್ಲ ಅವಳೇ ಹೇಳಲಿ.

ಉಳಿಯುವುದಕ್ಕೆ ಹೊಸಪೇಟೆಯೇ ಅನುಕೂಲ. ಬಸ್ ನಿಲ್ದಾಣ, ಹೋಟೆಲುಗಳು ಎಲ್ಲ ಹತ್ತಿರದಲ್ಲೇ ಸಿಗುತ್ತವೆ, ಸ್ಟೌ ಒಯ್ಯುವ ಅಗತ್ಯವಿಲ್ಲ. ರೂಮು ಹಿಡಿಯುವಾಗ ಅತ್ತೆಯವರಿಗೆ ಕೆಳಗಿನ ಮಹಡಿಯದನ್ನೇ ಕೇಳಿ. ಟಾಯ್ಲೆಟ್ ಯಾವ ಥರದ್ದು ಅಂತ ಫೋನಿನಲ್ಲೇ ವಿಚಾರಿಸಿಕೊಳ್ಳಿ.